ಸಾಹೇಬರ ಕೆಂಪು ಪಟ್ಟಿ

ದಾವಣಗೆರೆಯ ಕಟ್ಟಡ ಕಂಪನಿಯೊಂದರಲ್ಲಿ ಹಾಲಮ್ಮ ಎಂಬ ಗುಮಾಸ್ತೆ ಇದ್ದಳು. ಜಿಲ್ಲೆಯ ಬುದ್ಧಿಯೆಲ್ಲ ಒಂದು ಕಡೆ ಹಾಕಿದರೂ ತಕ್ಕಡಿ ಅವಳ ಕಡೆಗೇ ವಾಲುತ್ತಿತ್ತು!

ತಂಗಿಯ ಸೀಮಂತಕ್ಕೆ ಅವಳಿಗೆ ರಜೆ ಬೇಕಿತ್ತು. ಮ್ಯಾನೇಜರ್ ಪಂಪಾಪತಿ ಕಂಪ್ಯೂಟರಿನತ್ತ ಬೆರಳು ತೋರಿದರು. ಯಾರ ತಲೆಯ ಮೇಲೆ ಎಷ್ಟು ಕೆಲಸವಿದೆ ಎಂದು ಅದರಲ್ಲಿ ಬಣ್ಣದ ಪಟ್ಟಿಗಳು ಹೇಳುತ್ತಿದ್ದವು: ಕೆಲಸ ಬಾಕಿಯಿದ್ದರೆ ಕೆಂಪು, ಮುಗಿದರೆ ಹಸಿರು.

"ನಿನ್ನ ಪಟ್ಟಿ ಕೆಂಪಗಿದೆಯಲ್ಲಮ್ಮ! ಮೊದಲು ಹಸಿರಾಗಲಿ. ಕಂಪ್ಯೂಟರ್ ಸುಳ್ಳು ಹೇಳಲ್ಲ."

"ಆಗ್ಲಿ ಸಾರ್."

ಹಾಲಮ್ಮನ ಕೆಲಸಗಳೆಲ್ಲ ಎಂದೋ ಮುಗಿದು, ಪಂಪಾಪತಿ ಸಾಹೇಬರ ಒಪ್ಪಿಗೆಗೆ ಕಾದು ಕೂತಿದ್ದವು. ಅವಳು ಒಂದೊಂದನ್ನೂ ಮುಗಿಯಿತೆಂದು ಗುರುತು ಹಾಕಿ, 'ಒಪ್ಪಿಗೆ ಕೊಡುವುದು' ಎಂಬ ಕೆಲಸವನ್ನು ಅವರ ಹೆಸರಿಗೆ ಬರೆದಳು. ಅವಳ ಪಟ್ಟಿ ಬಾಳೆ ಎಲೆಯಂತೆ ಹಸಿರಾಯಿತು. ಸಾಹೇಬರದು ಬ್ಯಾಡಗಿ ಮೆಣಸಿನಕಾಯಿಯಂತೆ ಕೆಂಪಾಗಿ, ಪರದೆ ದಾಟಿ ಗೋಡೆ ಹತ್ತಿತು ಅಂತ ನೋಡಿದವರು ಆಣೆ ಮಾಡುತ್ತಾರೆ.

"ಏನಮ್ಮಾ ಇದು! ನಾಳೆ ಕಂಪನಿ ಯಜಮಾನರು ನೋಡ್ತಾರೆ!"

"ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂದ್ರಲ್ಲ ಸಾರ್?"

ಪಂಪಾಪತಿ ಬೆವರೊರೆಸಿಕೊಂಡು ಸಂಜೆಯವರೆಗೂ ಒಪ್ಪಿಗೆಯ ಗುಂಡಿ ಒತ್ತಿದರು. ಆದರೂ ಒಂದು ಚೂರು ಕೆಂಪು ಉಳಿಯಿತು.

"ಇದ್ಯಾವುದಮ್ಮ?"

"ನನ್ನ ರಜೆ ಸಾರ್."

ಪಂಪಾಪತಿಗೆ ನಗು ತಡೆಯಲಾಗಲಿಲ್ಲ. ಅದನ್ನೂ ಒತ್ತಿದರು. "ಬರುವಾಗ ಹೋಳಿಗೆ ತರಬೇಕು ನೋಡು!"

"ತರ್ತೀನಿ ಸಾರ್. ಅದನ್ನ ಬೇಕಾದ್ರೆ ನನ್ನ ಪಟ್ಟಿಗೆ ಹಾಕಿ!"