ಹೊಸ್ತಿಲು ದಾಟಿದ ಕೆಂಡ

“ಗುರುಗಳೇ, ದಿನವೂ ಒಲೆ ಸಾರಿಸಿ, ರಂಗೋಲಿ ಎಳೆದು ಕೈ ಮುಗಿಯುತ್ತೇವೆ. ಅದರ ಬೆಂಕಿಯನ್ನು ಮನೆಯೊಳಗೇ ಕಾಪಾಡಿಕೊಳ್ಳಬೇಕೋ, ಹೊರಗಿನವರಿಗೂ ಕೊಡಬಹುದೋ?” ಎಂದು ಶಿಷ್ಯ ಶ್ರೀಪತಿ ಕೇಳಿದ.

ಗುರುಗಳು ನಕ್ಕರು. “ಹೊಟ್ಟೆ ತುಂಬಿದ ಮೇಲೆ ನಿನಗೆ ಒಲೆಯ ಚಿಂತೆ ಬಂತೇ? ಸರಿ, ಕೂತುಕೋ. ನಡುವೆ ಬಾಯಿ ಹಾಕಬೇಡ” ಎಂದು ಹೇಳತೊಡಗಿದರು.

ಬೆಂಕಿಪೊಟ್ಟಣ ಇಲ್ಲದ ಕಾಲ. ಹೊಲದ ನಡುವೆ ಎರಡೇ ಮನೆ. ಒಂದರಲ್ಲಿ ಒಬ್ಬ ರೈತ, ಅವನ ಹೆಂಡತಿ. ಇನ್ನೊಂದರಲ್ಲಿ ಒಬ್ಬ ಮುದುಕಿ, ಅವಳ ಸೊಸೆ. ಮಾಗಿಯ ಒಂದು ಸಂಜೆ ಸೊಸೆ ಹೆತ್ತಳು. ಹೆರಿಗೆಯ ಗಡಿಬಿಡಿಯಲ್ಲಿ ಒಲೆಯನ್ನು ನೋಡುವವರಿರಲಿಲ್ಲ, ಅದು ಆರಿಹೋಯಿತು. ಬಾಣಂತಿಯ ಮಂಚದ ಕೆಳಗಿಡುವ ಅಗ್ಗಿಷ್ಟಿಕೆಗೆ ಒಂದು ಕೆಂಡವೂ ಇಲ್ಲ. ಕೂಸಿನ ಮೈ ತಣ್ಣಗಾಗುತ್ತಿತ್ತು. ಮುದುಕಿ ಒಡೆದ ಮಡಕೆಯ ಚೂರು ಹಿಡಿದು ರೈತನ ಬಾಗಿಲಿಗೆ ಬಂದು ಕೆಂಡ ಕೇಳಿದಳು.

ರೈತನ ಹೆಂಡತಿ ಆಗತಾನೇ ದೇವರ ದೀಪ ಹಚ್ಚಿದ್ದಳು. “ಅಯ್ಯೋ, ದೀಪ ಹಚ್ಚಿಬಿಟ್ಟೆನಲ್ಲ ದೊಡ್ಡಮ್ಮ! ಈಗ ಬೆಂಕಿ ಹೊಸ್ತಿಲು ದಾಟಿದರೆ ಅದರ ಜೊತೆ ಲಕ್ಷ್ಮಿಯೂ ಹೋಗುತ್ತಾಳೆ” ಎಂದಳು. ಮುದುಕಿ ಬರಿಗೈಯಲ್ಲಿ ತಿರುಗಿದಳು.

“ಕೊಡಬಾರದಿತ್ತೇನೇ?” ಎಂದ ರೈತ.

“ಹೇಳಿಕೊಟ್ಟವರು ನಿಮ್ಮ ತಾಯಿಯೇ. ಕೈಯಾರೆ ಲಕ್ಷ್ಮಿಯನ್ನು ಆಚೆ ಕಳಿಸಲೇ?”

ರೈತ ಎದ್ದು ದನಕ್ಕೆ ಹುಲ್ಲು ಹಾಕಲು ಹೋದ. ತಾಯಿಯ ಹೆಸರೆತ್ತಿದರೆ ಯಾವ ಗಂಡ ತಾನೇ ಮಾತಾಡುತ್ತಾನೆ!

ಅವಳು ರೊಟ್ಟಿ ತಟ್ಟಲು ಕೂತಳು. ಆಚೆ ಮನೆಯಿಂದ ಕೂಸಿನ ಅಳು ಕೇಳುತ್ತಿತ್ತು. ಬರಬರುತ್ತ ಅಳು ಸಣ್ಣದಾಯಿತು. ಆಮೇಲೆ ನಿಂತೇಹೋಯಿತು. ಅವಳು ತಟ್ಟುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಎದ್ದಳು. ಹಂಚನ್ನು ಇಳಿಸಿ, ಒಲೆಯ ಕೆಂಡವನ್ನೆಲ್ಲ ಬಾಣಲೆಗೆ ತೋಡಿಕೊಂಡು ಓಡಿದಳು. ಅಗ್ಗಿಷ್ಟಿಕೆಗೆ ಸುರಿದಳು. ಅಂಗೈ ಕಾಯಿಸಿ ಕಾಯಿಸಿ ಕೂಸಿನ ಎದೆಗೆ, ಪಾದಕ್ಕೆ ಶಾಖ ಕೊಟ್ಟಳು. ಬಹಳ ಹೊತ್ತಿನ ಮೇಲೆ ಕೂಸು ಅತ್ತಿತು. ಮುದುಕಿಯೂ ಅತ್ತಳು, ಇವಳೂ ಅತ್ತಳು. ಆ ದಿನ ರೈತನಿಗೆ ಅರೆಬೆಂದ ರೊಟ್ಟಿಯೇ ಗತಿಯಾಯಿತು.

ಇಷ್ಟು ಹೇಳಿ ಗುರುಗಳು ಶಾಲು ಹೊದ್ದುಕೊಂಡರು. ಶ್ರೀಪತಿಗೆ ತಡೆಯಲಾಗಲಿಲ್ಲ. “ಗುರುಗಳೇ, ಹಾಗಾದರೆ ಲಕ್ಷ್ಮಿ ಆ ಮನೆಯಿಂದ ಹೊರಟೇಹೋದಳೇ?”

“ಹೋಗದೆ ಏನಪ್ಪ, ಬಾಣಲೆ ಹಿಡಿದು ಓಡಿದವಳು ಮತ್ತೆ ಯಾರೆಂದುಕೊಂಡೆ?”