ಬಾಗಿಲಿಗೆ ಬಂದ ಸೀರೆ

ಪೇಟೆಬೀದಿಯ ಪಾಂಡುರಂಗ ಶೆಟ್ಟರು ತಮ್ಮ ಸೀರೆ ಅಂಗಡಿಗೆ ಹೊಸ ದೀಪ ಹಾಕಿಸಲು ವೈರಿಂಗ್ ಮೇಸ್ತ್ರಿಯನ್ನು ಕರೆಸಿದರು. ದೀಪವೆಲ್ಲ ಹಳದಿಯೇ ಆಗಬೇಕು, ಅಂಗಡಿ ಬಂಗಾರದ ಹಾಗೆ ಹೊಳೆಯಬೇಕು ಎಂದು ಅವರ ಹಟ.

"ಸೀರೆ ಮೇಲೆ ಬಿಳಿ ಬೆಳಕು ಬೀಳಬೇಕು ಶೆಟ್ರೇ. ಇಲ್ಲಾಂದ್ರೆ ಬಣ್ಣ ಗೊತ್ತಾಗಲ್ಲ," ಎಂದ ಮೇಸ್ತ್ರಿ.

"ನನಗೇ ಬಣ್ಣ ಹೇಳಿಕೊಡ್ತೀಯಾ? ಹೇಳಿದಷ್ಟು ಮಾಡು. ಈ ಹೆಂಗಸರಿಗೆ ಸೀರೇನ ಬಾಗಿಲಿಗೆ ಒಯ್ದು ಬಿಸಿಲಲ್ಲಿ ನೋಡೋ ಚಾಳಿ. ನಾಳೆಯಿಂದ ಒಬ್ಬರು ಹಾಗೆ ಮಾಡಿದ್ರೂ ನಿನ್ನ ಕೆಲಸ ಸರಿಯಿಲ್ಲ ಅಂತ ಬೀದಿಗೆಲ್ಲ ಸಾರ್ತೀನಿ!"

ಮೇಸ್ತ್ರಿ ಹಳದಿ ದೀಪಗಳನ್ನೇ ಹಾಕಿದ. ಮರುದಿನ ಬೆಳಿಗ್ಗೆ ಮೊದಲ ಗಿರಾಕಿಯಾಗಿ ತಾನೇ ಬಂದು ಕುಳಿತ.

"ತಂಗಿಗೆ ಗೌರಿ ಬಾಗಿನ ಕೊಡಬೇಕು ಶೆಟ್ರೇ. ನಿಮ್ಮ ಕೈಯಾರೆ ಒಂದು ಕಡುನೀಲಿ ಸೀರೆ ತೆಗೆದುಕೊಡಿ. ಹಬ್ಬದ ದಿನ ತವರಿಂದ ಕಪ್ಪು ಸೀರೆ ಹೋದ್ರೆ ಅವಳ ಅತ್ತೆ ನನ್ನನ್ನೂ ಬಿಡಲ್ಲ, ನಿಮ್ಮನ್ನೂ ಬಿಡಲ್ಲ."

ಶೆಟ್ಟರು ಒಂದು ಸೀರೆ ತೆಗೆದರು. ನೀಲಿಯೋ ಕಪ್ಪೋ ತಿಳಿಯಲಿಲ್ಲ. ಇನ್ನೊಂದು ತೆಗೆದರು. ಅದೂ ಹಾಗೇ. ಕನ್ನಡಕ ಒರೆಸಿಕೊಂಡರು. ಕೊನೆಗೆ ಎರಡನ್ನೂ ಎತ್ತಿಕೊಂಡು ದಡದಡನೆ ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದರು.

ಮೇಸ್ತ್ರಿ ಕುಳಿತಲ್ಲಿಂದಲೇ ಕೇಳಿದ: "ಸಾರೋದು ಯಾವಾಗ ಶೆಟ್ರೇ?"

ಶೆಟ್ಟರು ಕೈಯಲ್ಲಿದ್ದ ಸೀರೆಯನ್ನೂ ಬಿಸಿಲನ್ನೂ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕರು. "ಬಿಳಿ ದೀಪಾನೇ ಹಾಕಪ್ಪ. ಈ ಹಳದಿ ದೀಪ ಏನು ಮಾಡೋದು?"

"ಹೊರಗೆ ಬೋರ್ಡಿಗೆ ಹಾಕ್ತೀನಿ. ಅಲ್ಲಿ ನಿಮ್ಮ ಹೆಸರು ಬಂಗಾರದ ಹಾಗೆ ಹೊಳೀಲಿ. ಒಳಗೆ ಸೀರೆ ಸೀರೆಯ ಹಾಗೆ ಕಂಡರೆ ಸಾಕು."