ಎಲ್ಲದಕ್ಕೂ ಹೂಂ ಅಂದ ಶಿಷ್ಯ

“ನಾನೇನೂ ಮಾಡಿಲ್ಲ ಬುದ್ಧಿ. ಕಂಪ್ಯೂಟರ್ ಕೇಳ್ತು, ನಾನು ಹೂಂ ಅಂದೆ. ನಾನು ಮಾಡಿದ್ದು ಅಷ್ಟೇ.”

“ಅದು ಏನು ಕೇಳ್ತು?”

“ಏನೇನೋ ಕೇಳ್ತು. ಇದು ಸರಿ ಇಲ್ಲ, ಸರಿ ಮಾಡ್ಲಾ. ಇದಕ್ಕೆ ಹೆಸರಿಲ್ಲ, ತೆಗೆದುಬಿಡ್ಲಾ. ಹೀಗೇ ಒಂದೇ ಸಮ.”

“ನೀನು?”

“ಮೊದಮೊದಲು ಒಂದೊಂದಕ್ಕೇ ಹೂಂ ಅಂತಿದ್ದೆ. ಬೆರಳು ನೋಯ್ತು. ಆಮೇಲೆ ನೋಡಿದ್ರೆ, ಎಲ್ಲದಕ್ಕೂ ಒಟ್ಟಿಗೆ ಹೂಂ ಅನ್ನೋಕೆ ಒಂದು ದಾರಿ ಇತ್ತು.”

“ಆಮೇಲೆ?”

“ಊಟಕ್ಕೆ ಹೋದೆ.”

“ಊಟಕ್ಕೇನಿತ್ತು?”

“ಮುದ್ದೆ, ಉಪ್ಸಾರು.”

“ಚೆನ್ನಾಗಿತ್ತಾ?”

“ಚೆನ್ನಾಗಿತ್ತು ಬುದ್ಧಿ.”

ಗುರುಗಳು ತಲೆ ಆಡಿಸಿದ್ರು. ಅವತ್ತು ಆಶ್ರಮದಲ್ಲಿ ಚೆನ್ನಾಗಿ ಆಗಿದ್ದು ಅದೊಂದೇ.

ಹೊಳೆ ದಡದ ಆಶ್ರಮ ಅದು. ಬಸ್ ಸ್ಟ್ಯಾಂಡಲ್ಲಿ, ರೈಲ್ವೆ ಪ್ಲಾಟ್‌ಫಾರಂನಲ್ಲಿ ಸಿಕ್ಕಿದವರು, ಊರು ಮರೆತವರು, ಹೆಸರು ಮರೆತವರು ಅಲ್ಲಿದ್ರು.

ಬಂದವರ ಹೆಸರು ಕೇಳೋ ಪದ್ಧತಿ ಅಲ್ಲಿರಲಿಲ್ಲ. ಮೊದಲು ಸ್ನಾನ, ಆಮೇಲೆ ಊಟ. ಊಟ ಆದ್ಮೇಲೆ ಗುರುಗಳು ಎದುರಿಗೆ ಕೂತು, ಒಂದು ಕ್ಯಾಮರಾ ಇಟ್ಟು, ಅವರು ಏನು ಮಾತಾಡ್ತಾರೋ ಮಾತಾಡಲಿ ಅಂತ ಬಿಡೋರು. ಕೆಲವರು ಅಳೋರು. ಕೆಲವರು ಹಾಡೋರು. ಒಬ್ಬರು ಸಂಜೆವರೆಗೂ ಗುರುಗಳನ್ನೇ ಬೈದ್ರು.

ಆ ಮಾತೆಲ್ಲ ಆಶ್ರಮದ ಸರ್ವರಿನ ಡಿಸ್ಕಲ್ಲಿತ್ತು. ಮಾತಿನ ಮಧ್ಯೆ ಒಂದು ಊರಿನ ಹೆಸರೋ ಮಗನ ಹೆಸರೋ ಸಿಕ್ಕಿ, ಎಷ್ಟೋ ಜನ ಮನೆ ಸೇರಿದ್ರು.

ಹೆಸರು ಗೊತ್ತಾಗೋವರೆಗೆ ಬಂದ ವಾರವೇ ಹೆಸರು. ಶುಕ್ರವಾರದಮ್ಮ ಅಂತ ಇಬ್ಬರಿದ್ರು. ಒಬ್ಬರು ತೀರ್ಕೊಂಡ ಮೇಲೆ ಗೊಂದಲ ಕಮ್ಮಿಯಾಯ್ತು.

ಉಳಿದ ಶುಕ್ರವಾರದಮ್ಮ, ಬಂದ ದಿನ ಮಧ್ಯಾಹ್ನ ಪೂರ್ತಿ ಮಾತಾಡಿದ್ರು. ಯಾವ ಭಾಷೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೆ ಲಕ್ವ ಹೊಡೆದು ಮಾತು ನಿಂತುಹೋಯ್ತು. ಈಗ ನೀರೂ ಸರಿಯಾಗಿ ಇಳೀತಿರಲಿಲ್ಲ. ಡಾಕ್ಟ್ರು ನೋಡಿ, ಯಾರಿಗಾದ್ರೂ ಹೇಳಿ ಕಳಿಸೋದಿದ್ರೆ ಕಳಿಸಿಬಿಡಿ ಅಂದಿದ್ರು.

ಯಾರಿಗೆ ಅಂತ ಗೊತ್ತಿದ್ರೆ ತಾನೆ.

ಹೋದ್ಮೇಲೆ ಮಣ್ಣು ಮಾಡ್ಬೇಕೋ ಬೆಂಕಿ ಕೊಡ್ಬೇಕೋ, ಅದೂ ಗೊತ್ತಿರಲಿಲ್ಲ. ಗೊತ್ತಾಗೋದಿದ್ರೆ ಆ ಒಂದು ಮಧ್ಯಾಹ್ನದ ಮಾತಿಂದಲೇ ಗೊತ್ತಾಗ್ಬೇಕಿತ್ತು.

ಅದನ್ನ ಕೇಳೋಕೆ ಅಂತಲೇ ದಸ್ತಗಿರ್ ಸಾಬರನ್ನ ಕರೆಸಿದ್ರು. ಲಾರಿ ಓಡಿಸ್ತಾ ದೇಶ ಪೂರ್ತಿ ತಿರುಗಿದವರು ಅವರು. ದೂರದ ಕಾಡು ಸೀಮೆಗಳ ಮಾತೂ ಅಷ್ಟಿಷ್ಟು ಬರ್ತಿತ್ತು.

ಅವರು ಬರ್ತಾರೆ ಅಂತ ಶಿಷ್ಯ ಷಡಕ್ಷರಿ ಬೆಳಿಗ್ಗೆ ಆ ವಿಡಿಯೋ ತೆಗೆಯೋಕೆ ಹೋದ. ತೆರೆಯಲಿಲ್ಲ. ಡಿಸ್ಕಲ್ಲಿ ತಪ್ಪಿದೆ ಅಂತ ಬಂತು.

ಷಡಕ್ಷರಿ ಹಿಂದೆ ಊರಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸ್ತಿದ್ದೋನು. ತಪ್ಪು ಕಂಡ್ರೆ ಅಲ್ಲೇ ತಿದ್ದಬೇಕು ಅನ್ನೋದು ಅವನಿಗೆ ಕೈಗೆ ಬಂದ ಅಭ್ಯಾಸ. ಅಲ್ಲಿ ಬಿಳಿ ಬಣ್ಣ ಹಚ್ಚಿ, ಊದಿ ಒಣಗಿಸಿ, ಅದರ ಮೇಲೇ ಟೈಪ್ ಹೊಡೆದ್ರೆ ಆಗ್ತಿತ್ತು. ಇಲ್ಲೂ ಹಾಗೇ ಅಂತ ಡಿಸ್ಕ್ ಸರಿ ಮಾಡೋ ಪ್ರೋಗ್ರಾಂ ಓಡಿಸಿಬಿಟ್ಟ.

ಗುರುಗಳು ಆಶ್ರಮಕ್ಕೆ ಬರೋ ಮುಂಚೆ ಬ್ಯಾಂಕೊಂದರ ಕಂಪ್ಯೂಟರ್ ರೂಮಲ್ಲಿದ್ದವರು. ಎಲ್ಲಾನೂ ಬಿಟ್ಟು ಬಂದಿದ್ರು, ಒಂದು ಸ್ಕ್ರೂಡ್ರೈವರ್ ಬಿಟ್ಟು.

“ಸರಿ ಮಾಡುವಾಗ ಡಿಸ್ಕ್ ಕೆಲಸದಲ್ಲಿತ್ತಾ, ಬಿಡಿಸಿ ಇಟ್ಟಿದ್ದೆಯಾ?”

“ಕೆಲಸದಲ್ಲೇ ಇತ್ತು ಬುದ್ಧಿ. ಗೇಟಿನ ಕ್ಯಾಮರಾ ತೆಗೆದ ವಿಡಿಯೋನೆಲ್ಲ ಅದರ ಮೇಲೇ ಬರೀತಿರುತ್ತಲ್ಲ.”

“ಎತ್ತಿಗೆ ಲಾಳ ಕಟ್ಟೋನು ಮೊದಲು ಏನು ಮಾಡ್ತಾನೆ?”

“ಎತ್ತನ್ನ ಕೆಡವ್ತಾನೆ.”

“ನೀನು?”

“ಕೆಡವಲಿಲ್ಲ ಬುದ್ಧಿ.”

“ಗಾಡಿ ಓಡ್ತಿದ್ದ ಹಾಗೇ ಕಟ್ಟಿದೀಯ” ಅಂದ್ರು ಗುರುಗಳು. “ಇನ್ನೊಂದು ಪ್ರತಿ ಇಟ್ಟಿರು ಅಂದಿದ್ದೆ.”

“ಇಟ್ಟಿದೀನಿ ಬುದ್ಧಿ.”

“ಎಲ್ಲಿ?”

“ಅದೇ ಡಿಸ್ಕಲ್ಲಿ. ಬೇರೆ ಫೋಲ್ಡರಲ್ಲಿ.”

ಗುರುಗಳು ಸ್ಕ್ರೂಡ್ರೈವರ್ ತಗೊಂಡು ಎದ್ರು.

ಆಮೇಲೆ ಇಬ್ಬರೂ ಸರ್ವರ್ ಇದ್ದ ಕೋಣೆಗೆ ಹೋದ್ರು. ಗುರುಗಳು ಕೀಬೋರ್ಡ್ ಮುಟ್ಟಲಿಲ್ಲ. ನೆಲಕ್ಕೆ ಮಂಡಿ ಊರಿ ಪೆಟ್ಟಿಗೆಗೆ ಕಿವಿ ಇಟ್ರು. ಶಿಷ್ಯನಿಗೂ ಇಡು ಅಂದ್ರು.

“ಏನು ಕೇಳಿಸುತ್ತೆ?”

“ಟಿಕ್ ಟಿಕ್ ಅಂತಿದೆ.”

“ಯಾವಾಗಿಂದ?”

“ಹೋದ ವಾರದಿಂದ ಇದೆ. ಹಲ್ಲಿ ನುಡೀತಿದೆ ಅಂದ್ಕೊಂಡೆ. ಒಳ್ಳೇ ಕೆಲಸ ಶುರು ಮಾಡುವಾಗೆಲ್ಲ ನುಡೀತಿತ್ತು.”

“ಹಾಲು ಒಡೆದ್ರೆ ಹಾಲಿನ ತೊಂದರೆ. ಪಾತ್ರೆ ಸೋರಿದ್ರೆ?”

“ಪಾತ್ರೆ ತೊಂದರೆ.”

“ಆಗೇನು ಮಾಡ್ಬೇಕು?”

“ಉಳಿದಿರೋ ಹಾಲನ್ನ ಬೇರೆ ಪಾತ್ರೆಗೆ ಬಗ್ಗಿಸ್ಕೋಬೇಕು.”

“ನೀನೇನು ಮಾಡ್ದೆ?”

“ಸೋರೋ ಪಾತ್ರೆನೇ ಒಲೆ ಮೇಲಿಟ್ಟು ಸೌಟು ಹಾಕಿ ತಿರುವಿದೆ ಬುದ್ಧಿ.”

“ಗೊತ್ತಿದೆಯಲ್ಲ.”

“ಈಗ ಗೊತ್ತಾಯ್ತು.”

ಗುರುಗಳು ಯಂತ್ರ ನಿಲ್ಲಿಸಿದ್ರು. ಡಿಸ್ಕ್ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಹಾಕಿದ್ರು. ಓದಬಹುದು, ಒಂದು ಅಕ್ಷರ ಬರೆಯೋ ಹಾಗಿಲ್ಲ, ಹಾಗೆ ಹಾಕಿದ್ರು. ಅದರಲ್ಲಿದ್ದದ್ದನ್ನೆಲ್ಲ ಹೊಸ ಡಿಸ್ಕಿಗೆ ನಕಲು ಮಾಡೋಕೆ ಬಿಟ್ರು. ಎಲ್ಲಿ ಓದೋಕೆ ಕಷ್ಟ ಆಗುತ್ತೋ ಆ ಜಾಗ ಬಿಟ್ಟು ಮುಂದೆ ಹೋಗೋದು, ಕೊನೆಗೆ ವಾಪಸ್ ಬಂದು ಮತ್ತೆ ನೋಡೋದು.

“ಈಗೇನು ಮಾಡೋದು ಬುದ್ಧಿ?”

“ಕಾಯೋದು.”

“ಶುಕ್ರವಾರದಮ್ಮ ಕಾಯ್ತಾರಾ?”

“ಇಲ್ಲ.”

“ಸ್ವಲ್ಪ ಬೇಗ ಬೇಗ ಓದಿಸಿದ್ರೆ?”

ಗುರುಗಳು ಅವನ ಕೈ ಹಿಡ್ಕೊಂಡು ಶುಕ್ರವಾರದಮ್ಮನ ಹಾಸಿಗೆ ಹತ್ರ ಕರ್ಕೊಂಡು ಹೋದ್ರು. ಒಂದು ಲೋಟ ನೀರು ಕೊಟ್ರು. ಒಂದು ಚಮಚ ಕೊಟ್ರು.

“ಕುಡಿಸು.”

ಷಡಕ್ಷರಿ ಒಂದು ಚಮಚ ಬಾಯಿಗೆ ಹಾಕಿದ. ನೆತ್ತಿಗೆ ಹತ್ತಿ ಆ ತಾಯಿ ಕೆಮ್ಮಿದ್ರು. ಕೆಮ್ಮೋಕೂ ಶಕ್ತಿ ಇರಲಿಲ್ಲ. ಕಣ್ಣು ಮೇಲಕ್ಕೆ ಹೋಯ್ತು. ಅವನು ಚಮಚ ಬಿಸಾಕಿ, ತಲೆ ಎತ್ತಿ ಹಿಡಿದು, ಬೆನ್ನು ಸವರಿದ. ಉಸಿರು ವಾಪಸ್ ಬರೋವರೆಗೆ ಅವನ ಉಸಿರೂ ನಿಂತಿತ್ತು.

ಆಮೇಲೆ ಹತ್ತಿ ಒದ್ದೆ ಮಾಡ್ಕೊಂಡು ತುಟಿಗೆ ಒತ್ತಿದ. ಒಂದು ತೊಟ್ಟು. ಅದು ಇಳಿದ ಮೇಲೆ ಇನ್ನೊಂದು.

“ಹೋಗಿ ಡಿಸ್ಕನ್ನ ಬೇಗ ಬೇಗ ಓದಿಸ್ತೀಯಾ?”

“ಇಲ್ಲ ಬುದ್ಧಿ.”

ಜಗಲಿ ಮೇಲೆ ದಸ್ತಗಿರ್ ಸಾಬರು ಕೂತಿದ್ರು.

“ಏನು ಷಡಕ್ಷರಪ್ಪ, ಗಾಡಿ ಹೊರಡುತ್ತಾ?”

“ರಿಪೇರಿ ನಡೀತಿದೆ ಸಾಬ್ರೇ.”

“ಮೊದಲು ಬಿಚ್ಚಿದ್ದು ಯಾರು?”

“ನಾನೇ.”

“ಹಾಗಾದ್ರೆ ನಂಗೊಂದು ಚಾಪೆ ಕೊಡಿ.”

ಮಾರನೇ ದಿನ ಬೆಳಿಗ್ಗೆ ನಕಲು ಮುಗೀತು. ಪೂರ್ತಿ ಬಂದಿರಲಿಲ್ಲ. ಹಳೇ ಡಿಸ್ಕ್ ಟಿಕ್ ಅನ್ನೋದನ್ನೂ ನಿಲ್ಲಿಸಿತ್ತು.

ಗುರುಗಳು ಆ ನಕಲಿಗೆ ಇನ್ನೊಂದು ನಕಲು ಮಾಡಿಸಿದ್ರು. ಮೊದಲನೇದನ್ನ ಬೀರುವಿನಲ್ಲಿಟ್ಟು ಎರಡನೇದನ್ನ ಶಿಷ್ಯನ ಮುಂದೆ ಇಟ್ರು.

“ಇದನ್ನ ಸರಿ ಮಾಡು.”

“ನಾನಾ?”

“ನೀನೇ. ಅದು ಕೇಳೋದನ್ನೆಲ್ಲ ನಂಗೆ ಓದಿ ಹೇಳು. ನಾನು ಹೇಳಿದ ಮೇಲೆ ಕೀ ಒತ್ತು.”

ಷಡಕ್ಷರಿ ಓದಿದ. “‘ಈ ತುಂಡು ಎಲ್ಲಿಂದ ಬಂತು ಗೊತ್ತಿಲ್ಲ. ಕಳೆದು ಸಿಕ್ಕಿದವುಗಳ ಜೊತೆ ಇಡ್ಲಾ?’ ಅಂತಿದೆ.”

“ಇಡಲಿ. ನಾವೂ ಅದನ್ನೇ ತಾನೆ ಮಾಡ್ತಿರೋದು.”

“‘ಇದರೊಳಗೆ ಇರೋದು ಅರ್ಥ ಆಗ್ತಿಲ್ಲ. ಅಳಿಸಿಬಿಡ್ಲಾ?’ ಅಂತಿದೆ.”

“ನಿನ್ನೆ ಇದಕ್ಕೆ ಏನಂದಿದ್ದೆ?”

“ಹೂಂ ಅಂದಿದ್ದೆ.”

“ಶುಕ್ರವಾರದಮ್ಮ ಮಾತಾಡಿದ್ದು ನಿಂಗೆ ಅರ್ಥ ಆಗಿತ್ತಾ?”

“ಇಲ್ಲ.”

“ಅಳಿಸಿಬಿಟ್ವಾ ಅವರನ್ನ?”

ಷಡಕ್ಷರಿ ಬೇಡ ಅಂತ ಒತ್ತಿದ.

ಮಧ್ಯಾಹ್ನದ ಹೊತ್ತಿಗೆ ಒಂದು ಫೋಲ್ಡರ್ ತುಂಬಾ ತುಂಡು ಸಿಕ್ತು. ಯಾವುದಕ್ಕೂ ಹೆಸರಿರಲಿಲ್ಲ, ಬರೀ ನಂಬರು. ಷಡಕ್ಷರಿ ಒಂದೊಂದನ್ನೇ ತೆರೆದ. ಒಂದರಲ್ಲಿ ಬರೀ ಗೋಡೆ. ಒಂದರಲ್ಲಿ ಹಾಡು ಇತ್ತು, ಮುಖ ಇರಲಿಲ್ಲ. ಇನ್ನೊಂದರಲ್ಲಿ ಮುಖ ಇತ್ತು, ಬಾಯಿ ಆಡ್ತಿತ್ತು, ಮಾತಿರಲಿಲ್ಲ. ಗುರುಗಳನ್ನ ಸಂಜೆವರೆಗೂ ಬೈದ ವಿಡಿಯೋ ಮಾತ್ರ ಪೂರ್ತಿಯಾಗಿ, ತುಂಬಾ ಸ್ಪಷ್ಟವಾಗಿ ಸಿಕ್ತು.

“ಬುಧವಾರದ ತಾತಂದು?” ಅಂದ್ರು ಗುರುಗಳು.

“ಇಲ್ಲ ಬುದ್ಧಿ.”

“ಸೋಮವಾರದವರದ್ದು?”

“ಅದೂ ಇಲ್ಲ.”

ಹೊರಗೆ ಬಿಸಿಲಿಗೆ ಕೂತಿದ್ದ ಬುಧವಾರದ ತಾತ ಕಿಟಕಿಯಿಂದ ಷಡಕ್ಷರಿನ ನೋಡಿ ನಕ್ಕ. ಷಡಕ್ಷರಿನೂ ನಗೋಕೆ ನೋಡಿದ. ಆಗಲಿಲ್ಲ.

ಕೊನೆಗೆ ಒಂದು ತುಂಡಲ್ಲಿ ಶುಕ್ರವಾರದಮ್ಮನ ದನಿ ಬಂತು. ಚಿತ್ರ ಚೂರುಚೂರಾಗಿತ್ತು, ದನಿ ಗಟ್ಟಿಯಾಗಿತ್ತು. ದಸ್ತಗಿರ್ ಸಾಬರನ್ನ ಕರೆದು ಕೂರಿಸಿದ್ರು. ಸಾಬರು ಕಣ್ಣು ಮುಚ್ಕೊಂಡು ಕೇಳಿದ್ರು. ಮತ್ತೆ ಹಾಕಿ ಅಂದ್ರು. ಮತ್ತೆ ಕೇಳಿದ್ರು.

“ಈ ಮಾತು ಕೇಳಿದೀನಿ. ಆ ಕಾಡು ಸೀಮೆ ಕಡೆ ನಮ್ಮ ಲಾರಿಗೆ ಮರ ತುಂಬೋರು ಆಡ್ತಿದ್ರು. ಅವರಲ್ಲಿ ಮಣ್ಣು ಮಾಡೋರೂ ಇದ್ರು, ಸುಡೋರೂ ಇದ್ರು.”

“ಊರಿನ ಹೆಸರು ಹೇಳ್ತಾರಾ?” ಅಂದ ಷಡಕ್ಷರಿ.

“ಇಲ್ಲ.”

“ಮಕ್ಕಳ ಹೆಸರು?”

“ಇಲ್ಲ.”

“ದೇವರ ಹೆಸರಾದ್ರೂ?”

“ಇಲ್ಲಪ್ಪ. ಮಳೆ ಬರ್ತಿದೆ, ಆಡು ಕಟ್ಟು ಅಂತಿದಾರೆ. ಯಾರಿಗೋ ಹೇಳ್ತಿದಾರೆ, ಅವನು ಏಳ್ತಿಲ್ಲ. ಬೈತಿದಾರೆ.”

“ಅಷ್ಟೇನಾ?”

“ಅಷ್ಟೇ. ಆಮೇಲೆ ನಿಮ್ಮ ನಾಯಿ.”

ನಿಜ. ಅಲ್ಲಿಂದ ಮುಂದೆ ಆಶ್ರಮದ ಗೇಟು ಕಾಣ್ತಿತ್ತು. ನಿನ್ನೆ ರಿಪೇರಿ ನಡೀತಿದ್ದಾಗ ಗೇಟಿನ ಕ್ಯಾಮರಾ ಆ ತಾಯಿ ಮಾತಿನ ಮೇಲೇ ಬರೆದಿತ್ತು. ಗೇಟಿನ ಮುಂದೆ ನಾಯಿ ಮಲಗಿತ್ತು. ಎಷ್ಟು ಹೊತ್ತು ನೋಡಿದ್ರೂ ಅದು ಏಳಲಿಲ್ಲ.

ದಸ್ತಗಿರ್ ಸಾಬರು ಎದ್ದು ಒಳಗೆ ಹೋದ್ರು. ಶುಕ್ರವಾರದಮ್ಮನ ಹಾಸಿಗೆ ಪಕ್ಕ ಕೂತು, ಕಿವಿ ಹತ್ರ ಬಗ್ಗಿ ಏನೋ ಹೇಳಿದ್ರು. ಮುಚ್ಚಿದ್ದ ಕಣ್ಣು ತೆರೀತು. ಅವರನ್ನೇ ತುಂಬಾ ಹೊತ್ತು ನೋಡ್ತು.

“ಏನಂದ್ರಿ ಸಾಬ್ರೇ?”

“ಆಡು ಕಟ್ಟಿದೀವಿ ಅಂದೆ.”

ಸಂಜೆ ದೀಪ ಹಚ್ಚೋ ಹೊತ್ತಿಗೆ ಆ ತಾಯಿ ಉಸಿರು ನಿಂತಿತ್ತು.

ಬೆಳಿಗ್ಗೆ ಷಡಕ್ಷರಿ ಗುರುಗಳ ಹತ್ರ ಬಂದು ನಿಂತ. ರಾತ್ರಿ ಅವನು ಆಶ್ರಮದಲ್ಲೇ ಇದ್ದ. ಕಣ್ಣು ಕೆಂಪಗಿತ್ತು.

“ಗೊತ್ತಾಗೋ ದಾರಿ ಒಂದೇ ಇತ್ತು ಬುದ್ಧಿ. ಅದನ್ನ ನಾನು ಹಾಳು ಮಾಡ್ದೆ. ಈಗ ನೀವು ಹೇಳಿ. ಮಣ್ಣೋ, ಬೆಂಕಿಯೋ?”

ಗುರುಗಳು ಮೂಲೆಯಲ್ಲಿದ್ದ ಗುದ್ದಲಿ ತಂದು ಅವನ ಕೈಗೆ ಕೊಟ್ರು.

“ಮಣ್ಣು ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಗೊತ್ತಾಗಲಿಲ್ಲ” ಅಂದ್ರು ಗುರುಗಳು. “ಮುಂದೆ ಯಾವತ್ತಾದ್ರೂ ಅವರ ಕಡೆಯವರು ಬಂದು, ಬೆಂಕಿ ಕೊಡ್ಬೇಕಿತ್ತು ಅಂದ್ರೆ, ಮಣ್ಣಿಂದ ತೆಗೆದು ಕೊಡಬಹುದು. ನಾವು ಸುಟ್ಟುಬಿಟ್ಟು, ಅವರು ಬಂದು ಮಣ್ಣು ಅಂದ್ರೆ, ಏನು ತೆಗೆದು ಕೊಡ್ತೀಯ?”

ಷಡಕ್ಷರಿ ಹೊಳೆಯಿಂದ ಸ್ವಲ್ಪ ಮೇಲೆ, ನೀರು ಬರದ ಕಡೆ ಗುಂಡಿ ತೆಗೆದ. ತಲೆ ಕಡೆಗೆ ಒಂದು ಕಲ್ಲು ನಿಲ್ಲಿಸಿದ. ಜಾಗ ತಪ್ಪಬಾರದು ಅಂತ.

ಮಧ್ಯಾಹ್ನ ಹೊಳೆ ದಾಟಿ ಮನೆಗೆ ಹೋದ. ಮಣ್ಣಿಗೆ ಹೋಗಿ ಬಂದೋನು ಹಾಗೇ ಒಳಗೆ ಬರೋ ಹಾಗಿಲ್ಲ. ಹೆಂಡತಿ ದಾಕ್ಷಾಯಿಣಿ ಹಿತ್ತಲಲ್ಲೇ ನೀರು ತೋಡಿಟ್ಟಿದ್ಲು. ಅವಳು ತಲೆ ಮೇಲೆ ನೀರು ಹೊಯ್ತಾ ಇದ್ಲು, ಅವನು ಎಲ್ಲಾನೂ ಹೇಳ್ತಾ ಹೋದ. ಡಿಸ್ಕು, ಹೂಂ ಅಂದಿದ್ದು, ಆ ತಾಯಿ ಕೆಮ್ಮಿದ್ದು, ನಾಯಿ, ಸಾಬರು ಕಿವೀಲಿ ಹೇಳಿದ್ದು, ಗುರುಗಳು ಗುದ್ದಲಿ ಕೊಟ್ಟಿದ್ದು.

ದಾಕ್ಷಾಯಿಣಿ ಚೊಂಬು ಕೆಳಗಿಟ್ಲು.

“ಅಲ್ಲಾ” ಅಂದ್ಲು, “ಆ ಆಡುಗಳನ್ನ ಕೊನೆಗೆ ಯಾರಾದ್ರೂ ಕಟ್ಟಿದ್ರೋ ಇಲ್ವೋ?”